ಟೊಮೆಟೊದ ಪೂರ್ತಿ ಲಾಭ ಮೈಗೆ ಹತ್ಬೇಕಂದ್ರೆ ಹೇಗೆ ತಿನ್ಬೇಕು? ಹಂತ ಹಂತವಾಗಿ ನೋಡೋಣ ಬನ್ನಿ

ಟೊಮೆಟೊ ಆರೋಗ್ಯಕ್ಕೆ ಒಳ್ಳೇದು ಅಂದ್ರೆ ಎಲ್ಲರೂ ತಲೆ ಆಡಿಸ್ತಾರೆ, ಆದ್ರೆ ಹಸಿ ತಿನ್ಬೇಕಾ ಬೇಯಿಸಿ ತಿನ್ಬೇಕಾ, ಸಿಪ್ಪೆ ತೆಗೀಬೇಕಾ ಬೇಡ್ವಾ, ಬೀಜದಿಂದ ಕಿಡ್ನಿ ಸ್ಟೋನ್ ಆಗುತ್ತಂತೆ ಹೌದಾ, ಬಾಟಲ್ ಸಾಸ್ ತಿಂದ್ರೂ ಅದೇ ಲಾಭನಾ ಅಂತ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಈ ಹಣ್ಣಿನ ವಿಷ್ಯದಲ್ಲಿ ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಟ್ಕೋಬೇಕು: ಇದರಲ್ಲಿರೋ ಒಳ್ಳೇ ಅಂಶಗಳಲ್ಲಿ ಒಂದು ಬಿಸಿ ತಾಗಿದ್ರೆ ಕಮ್ಮಿ ಆಗುತ್ತೆ, ಇನ್ನೊಂದು ಬಿಸಿ ತಾಗಿದ ಮೇಲೇನೇ ಚೆನ್ನಾಗಿ ಸಿಗೋದು. ಹಾಗಾಗಿ ಒಂದೇ ಥರ ತಿನ್ನೋರಿಗೆ ಅರ್ಧ ಲಾಭ ಮಾತ್ರ. ಕೆಳಗೆ ಬರ್ದಿರೋದೆಲ್ಲ ಈ ಮಾತಿನ ಸುತ್ತಾನೇ ಇದೆ.

ಹಂತ 1: ಹಣ್ಣಲ್ಲಿ ಏನಿದೆ ಅಂತ ಮೊದಲು ತಿಳ್ಕೊಳ್ಳಿ

100 ಗ್ರಾಂ ಹಸಿ ಟೊಮೆಟೊ ತಗೊಂಡ್ರೆ ಅದರಲ್ಲಿ ಸುಮಾರು 95 ಗ್ರಾಂ ನೀರೇ. ಕ್ಯಾಲೊರಿ ಬರೀ 18. ಸಕ್ಕರೆ ಎರಡೂವರೆ ಗ್ರಾಂ ಆಸುಪಾಸು, ನಾರು ಒಂದು ಗ್ರಾಂ ಮೇಲೆ ಸ್ವಲ್ಪ, ಪ್ರೋಟೀನ್ ಒಂದು ಗ್ರಾಂ ಕೂಡ ಇಲ್ಲ, ಕೊಬ್ಬು ಇಲ್ಲ ಅಂತಾನೇ ಇಟ್ಕೊಳ್ಳಿ. ಅಂದ್ರೆ ಇದು ಹೊಟ್ಟೆ ತುಂಬಿಸೋ ಆಹಾರ ಅಲ್ಲ, ಊಟದ ಜೊತೆಗೆ ಇರ್ಬೇಕಾದದ್ದು. ತೂಕ ಇಳಿಸೋರಿಗೂ ಶುಗರ್ ಇರೋರಿಗೂ ತೊಂದ್ರೆ ಇಲ್ದೆ ತಿನ್ಬಹುದಾದ ಹಣ್ಣು ಅನ್ನೋದಕ್ಕೆ ಕಾರಣ ಇಷ್ಟೇ, ಇದರಲ್ಲಿ ಸಕ್ಕರೆ ಕಮ್ಮಿ, ನೀರು ಜಾಸ್ತಿ.

ಅದೇ 100 ಗ್ರಾಂನಲ್ಲಿ ವಿಟಮಿನ್ ಸಿ ಸುಮಾರು 14 ಮಿಲಿಗ್ರಾಂ ಇರುತ್ತೆ, ಪೊಟ್ಯಾಶಿಯಂ 237 ಮಿಲಿಗ್ರಾಂ ಹತ್ರ, ಸೋಡಿಯಂ ಮಾತ್ರ ಬರೀ 5 ಮಿಲಿಗ್ರಾಂ. ಜೊತೆಗೆ ಸ್ವಲ್ಪ ಫೋಲೇಟ್, ಸ್ವಲ್ಪ ವಿಟಮಿನ್ ಕೆ, ಮೈಯಲ್ಲಿ ವಿಟಮಿನ್ ಎ ಆಗಿ ಬದಲಾಗೋ ಬೀಟಾ ಕ್ಯಾರೋಟಿನ್. ಇದೆಲ್ಲ ಬೇರೆ ಹಣ್ಣು ತರಕಾರಿಲೂ ಸಿಗುತ್ತೆ ಬಿಡಿ. ಟೊಮೆಟೊದ ನಿಜವಾದ ವಿಶೇಷ ಲೈಕೋಪೀನ್, ಹಣ್ಣಿಗೆ ಕೆಂಪು ಬಣ್ಣ ಕೊಡೋದೇ ಇದು. ಕಲ್ಲಂಗಡಿ, ಸೀಬೆ, ಪಪ್ಪಾಯದಲ್ಲೂ ಇದೆ, ಆದ್ರೆ ದಿನಾ ಅಡುಗೆಗೆ ಬಳಸೋ ಪದಾರ್ಥದಲ್ಲಿ ಇಷ್ಟು ಸುಲಭವಾಗಿ ಸಿಗೋದು ಟೊಮೆಟೊದಲ್ಲೇ. ಬೀಟಾ ಕ್ಯಾರೋಟಿನ್ ಥರ ಇದು ವಿಟಮಿನ್ ಎ ಆಗಲ್ಲ, ಜೀವಕೋಶಗಳಿಗೆ ಹಾನಿ ಮಾಡೋ ಫ್ರೀ ರ‍್ಯಾಡಿಕಲ್‌ಗಳನ್ನ ತಣ್ಣಗೆ ಮಾಡೋ ಆಂಟಿಆಕ್ಸಿಡೆಂಟ್ ಆಗಿ ಕೆಲಸ ಮಾಡುತ್ತೆ.

ಹಂತ 2: ಚೆನ್ನಾಗಿ ಹಣ್ಣಾಗಿರೋದನ್ನ ಆರಿಸ್ಕೊಳ್ಳಿ

ಬಣ್ಣಾನೇ ಇಲ್ಲಿ ಅಳತೆ. ಹಸಿರು ಹೋಗಿ ಕೆಂಪು ಬಂದಷ್ಟೂ ಲೈಕೋಪೀನ್ ಜಾಸ್ತಿ ಆಗಿದೆ ಅಂತ ಅರ್ಥ, ಹಳದಿ ತಳಿಗಳಲ್ಲಿ ಅದು ಇರೋದೇ ತೀರಾ ಕಮ್ಮಿ. ಕೆಲವು ಸಲ ತೊಟ್ಟಿನ ಹತ್ರ ಹಳದಿ ಹಳದಿಯಾಗಿ ಉಳಿದುಬಿಟ್ಟಿರುತ್ತಲ್ಲ, ಅದಕ್ಕೆ ಒಂದು ಕಾರಣ ಬಿಸಿಲು. ವಾತಾವರಣ 30 ಡಿಗ್ರಿ ಸೆಲ್ಸಿಯಸ್ ದಾಟ್ತಾ ಹೋದ್ರೆ ಗಿಡದಲ್ಲಿ ಲೈಕೋಪೀನ್ ತಯಾರಾಗೋದೇ ನಿಧಾನ ಆಗಿಬಿಡುತ್ತೆ. ಗಾತ್ರ ದೊಡ್ಡದಿದ್ರೆ ಪೋಷಕಾಂಶ ಜಾಸ್ತಿ ಅನ್ನೋದೇನಿಲ್ಲ. ಚಿಕ್ಕ ಚೆರ್ರಿ ಟೊಮೆಟೊದಲ್ಲಿ ತೂಕಕ್ಕೆ ಹೋಲಿಸಿದ್ರೆ ಸಿಪ್ಪೆ ಭಾಗ ಜಾಸ್ತಿ ಬರುತ್ತೆ, ಅದು ಒಳ್ಳೇದೇ, ಯಾಕೆ ಅಂತ ಮುಂದೆ ಹೇಳ್ತೀನಿ.

ಗಟ್ಟಿಯಾಗಿ ಹಸಿರಾಗಿರೋ ಕಾಯಲ್ಲಿ ಟೊಮ್ಯಾಟಿನ್ ಅನ್ನೋ ಕಹಿ ಅಂಶ ಇರುತ್ತೆ, ಹಣ್ಣಾಗ್ತಾ ಹೋದಂಗೆ ಅದು ತಾನಾಗೇ ಕರಗಿಹೋಗುತ್ತೆ. ಅಡುಗೆಯಲ್ಲಿ ಅಪರೂಪಕ್ಕೆ ಕಾಯಿ ಹಾಕಿದ್ರೆ ಏನೂ ಆಗಲ್ಲ, ಆದ್ರೆ ಆರೋಗ್ಯದ ಲಾಭಕ್ಕೆ ಅಂತ ತಿನ್ನೋದಾದ್ರೆ ಹಣ್ಣೇ ತಿನ್ನಿ. ಎಲೆ ಮತ್ತೆ ಕಾಂಡ ತಿನ್ನೋಕೆ ಹೋಗ್ಬೇಡಿ.

ಹಂತ 3: ಇಡೋದು, ತೊಳೆಯೋದು

ಪೂರ್ತಿ ಹಣ್ಣಾಗದೇ ಇರೋದನ್ನ ಫ್ರಿಜ್‌ಗೆ ಹಾಕ್ಲೇಬೇಡಿ. ಸುಮಾರು 12 ಡಿಗ್ರಿಗಿಂತ ಕೆಳಗೆ ಹೋದ್ರೆ ಪರಿಮಳ ಕೊಡೋ ಅಂಶಗಳನ್ನ ತಯಾರು ಮಾಡೋ ಕೆಲಸ ಹಣ್ಣಿನೊಳಗೆ ಕುಂಠಿತ ಆಗುತ್ತೆ, ಹಣ್ಣಾಗೋದೂ ಸರಿಯಾಗಿ ಆಗಲ್ಲ, ಒಳಗಡೆ ಹಿಟ್ಟು ಹಿಟ್ಟಾಗುತ್ತೆ. ಹೊರಗೆ ನೆರಳಲ್ಲಿಡಿ, ಒಂದರ ಮೇಲೊಂದು ಒತ್ತಿ ತುಂಬ್ಬೇಡಿ. ಬೇಗ ಹಣ್ಣಾಗ್ಬೇಕಂದ್ರೆ ಒಂದು ಬಾಳೆಹಣ್ಣಿನ ಜೊತೆ ಪೇಪರ್ ಕವರ್‌ನಲ್ಲಿ ಹಾಕಿಡಿ, ಬಾಳೆಹಣ್ಣು ಬಿಡೋ ಎಥಿಲೀನ್ ಗ್ಯಾಸ್ ಕೆಲಸ ಮಾಡುತ್ತೆ. ಪೂರ್ತಿ ಹಣ್ಣಾಗಿ ಇನ್ನು ಕೆಟ್ಟೇ ಹೋಗುತ್ತೆ ಅನ್ನೋ ಹಂತಕ್ಕೆ ಬಂದಾಗ ಮಾತ್ರ ಫ್ರಿಜ್‌ನಲ್ಲಿಡಿ, ತಿನ್ನೋಕೆ ಸ್ವಲ್ಪ ಹೊತ್ತು ಮುಂಚೆ ಹೊರಗೆ ತೆಗೀರಿ.

ತೊಳೆಯೋಕೆ ಸೋಪು ಬೇಡ, ಹರಿಯೋ ನೀರಲ್ಲಿ ಕೈಯಿಂದ ಉಜ್ಜಿ ತೊಳೆದ್ರೆ ಸಾಕು. ಬೆಚ್ಚಗಿರೋ ಹಣ್ಣನ್ನ ತಣ್ಣೀರಲ್ಲಿ ಮುಳುಗಿಸಿ ಇಡೋ ಅಭ್ಯಾಸ ಕೆಲವರಿಗಿದೆ, ಅದನ್ನ ದಯವಿಟ್ಟು ಬಿಡಿ, ಯಾಕಂದ್ರೆ ಹಣ್ಣಿಗಿಂತ ನೀರು ತಣ್ಣಗಿದ್ರೆ ತೊಟ್ಟು ಕಿತ್ತ ಜಾಗದಿಂದ ಆ ನೀರು ಒಳಗೆ ಎಳ್ಕೊಳ್ಳುತ್ತೆ, ನೀರಲ್ಲಿ ಬ್ಯಾಕ್ಟೀರಿಯಾ ಇದ್ರೆ ಅದೂ ಜೊತೆಗೆ ಹೋಗುತ್ತೆ, ಆಮೇಲೆ ಎಷ್ಟು ತೊಳೆದ್ರೂ ಬರಲ್ಲ. ಹೆಚ್ಚಿದ ಟೊಮೆಟೊನ ಎರಡು ಗಂಟೆಗಿಂತ ಜಾಸ್ತಿ ಹೊರಗಡೆ ಬಿಡ್ಬೇಡಿ, ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯೋಕೆ ಅದು ಒಳ್ಳೇ ಜಾಗ.

ಹಂತ 4: ದಿನದಲ್ಲಿ ಒಂದು ಹೊತ್ತು ಹಸಿಯಾಗಿ ತಿನ್ನಿ

ಇದು ವಿಟಮಿನ್ ಸಿಗೋಸ್ಕರ. ಮಧ್ಯಮ ಗಾತ್ರದ ಒಂದು ಹಣ್ಣಲ್ಲಿ ಸುಮಾರು 17 ಮಿಲಿಗ್ರಾಂ ಸಿಗುತ್ತೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಬೇಕು ಅಂತ ಹೇಳಿರೋದು 45 ಮಿಲಿಗ್ರಾಂ, ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿನೇ ಒಂದು ಹಣ್ಣಲ್ಲಿ ಬಂತು. ಬಿಸಿ ಮಾಡಿದ್ರೆ ಇದು ಕಮ್ಮಿ ಆಗ್ತಾ ಹೋಗುತ್ತೆ, ಹೆಚ್ಚಿ ತುಂಬಾ ಹೊತ್ತು ಗಾಳಿಗೆ ಬಿಟ್ರೂ ಕಮ್ಮಿ ಆಗುತ್ತೆ, ಹಾಗಾಗಿ ತಿನ್ನೋ ಹೊತ್ತಿಗೆ ಹೆಚ್ಚಿದ್ರೆ ಒಳ್ಳೇದು.

ಹಸಿ ಟೊಮೆಟೊನ ಯಾವುದರ ಜೊತೆ ತಿಂತೀರಿ ಅನ್ನೋದು ತುಂಬಾ ಮುಖ್ಯ, ಇದನ್ನ ಹೆಚ್ಚಿನವರು ಗಮನಿಸಲ್ಲ. ಬೇಳೆ, ಕಾಳು, ಸೊಪ್ಪಲ್ಲಿ ಇರೋ ಕಬ್ಬಿಣದ ಅಂಶ ಮಾಂಸದಲ್ಲಿರೋದರಷ್ಟು ಸುಲಭವಾಗಿ ಕರುಳಲ್ಲಿ ಹೀರಲ್ಪಡಲ್ಲ, ಆದ್ರೆ ಅದೇ ಊಟದಲ್ಲಿ ವಿಟಮಿನ್ ಸಿ ಇದ್ರೆ ಆ ಕಬ್ಬಿಣ ಮೈಗೆ ಹತ್ತೋ ರೂಪಕ್ಕೆ ಬದಲಾಗುತ್ತೆ. ಅದೇ ಊಟದಲ್ಲಿ ಅನ್ನೋದನ್ನ ಗಮನಿಸಿ, ಬೆಳಿಗ್ಗೆ ಟೊಮೆಟೊ ತಿಂದು ರಾತ್ರಿ ಕಾಳು ತಿಂದ್ರೆ ಈ ಲಾಭ ಸಿಗಲ್ಲ. ರಕ್ತಹೀನತೆ ಇರೋ ಹೆಣ್ಣುಮಕ್ಕಳು, ಮಾಂಸ ತಿನ್ನದೇ ಇರೋರು ಇದನ್ನ ಖಂಡಿತ ಅಭ್ಯಾಸ ಮಾಡ್ಕೊಳ್ಳಿ, ಕಾಳು ಸೊಪ್ಪಿನ ಊಟದ ಪಕ್ಕ ನಾಲ್ಕು ಹೋಳು ಹಸಿ ಟೊಮೆಟೊ. ಊಟ ಆದ ತಕ್ಷಣ ಟೀ ಕಾಫಿ ಕುಡಿದ್ರೆ ಅದರಲ್ಲಿರೋ ಟ್ಯಾನಿನ್ ಥರದ ಅಂಶಗಳು ಕಬ್ಬಿಣನ ಹಿಡಿದಿಟ್ಕೊಂಡು ಒಳಗೆ ಬಿಡಲ್ಲ, ಸ್ವಲ್ಪ ಹೊತ್ತು ಬಿಟ್ಟು ಕುಡೀರಿ.

ಹಸಿ ಸಲಾಡ್ ಮಾಡೋವಾಗಲೂ ಒಂದು ಚಮಚ ಎಣ್ಣೆನೋ, ಒಂದು ಹಿಡಿ ಕಡ್ಲೆಕಾಯಿ ಬೀಜನೋ, ಬೆಣ್ಣೆಹಣ್ಣೋ ಸೇರಿಸ್ಕೊಳ್ಳಿ. ಎಣ್ಣೆ ಅಂಶ ಒಂದಿಷ್ಟೂ ಇಲ್ಲದ ಸಲಾಡ್ ತಿಂದವರ ರಕ್ತಕ್ಕೆ ಲೈಕೋಪೀನ್ ಥರದ ಅಂಶಗಳು ಹೆಚ್ಚುಕಮ್ಮಿ ಸೇರಲೇ ಇಲ್ಲ ಅಂತ 2004ರ ಒಂದು ಅಧ್ಯಯನದಲ್ಲಿ ಕಂಡುಬಂದಿತ್ತು. ಡಯಟ್ ಅಂತ ಎಣ್ಣೆ ಪೂರ್ತಿ ಬಿಟ್ಟು ಬರೀ ತರಕಾರಿ ಹೋಳು ತಿನ್ನೋರನ್ನ ನೋಡಿದ್ರೆ ನನಗೆ ಬೇಜಾರಾಗೋದು ಇದಕ್ಕೇ, ಅಷ್ಟು ಶಿಸ್ತು ಮಾಡಿ ಅದರ ಫಲಾನೇ ಸಿಗ್ದಿದ್ರೆ ಹೇಗೆ.

ಹಂತ 5: ಇನ್ನೊಂದು ಹೊತ್ತು ಎಣ್ಣೆಯಲ್ಲಿ ಬೇಯಿಸಿ ತಿನ್ನಿ

ಇಡೀ ಲೇಖನದಲ್ಲಿ ಒಂದೇ ಹಂತ ಓದ್ತೀನಿ ಅನ್ನೋದಾದ್ರೆ ಇದನ್ನ ಓದಿ. ಲೈಕೋಪೀನ್ ಹಣ್ಣಿನ ಜೀವಕೋಶಗಳ ಗೋಡೆ ಒಳಗೆ ಗಟ್ಟಿಯಾಗಿ ಕೂತಿರುತ್ತೆ. ಹಸಿ ತಿಂದಾಗ ಎಷ್ಟು ಅಗಿದ್ರೂ ಆ ಗೋಡೆ ಪೂರ್ತಿ ಒಡೆಯಲ್ಲ, ಅದರಲ್ಲಿ ತುಂಬಾ ಭಾಗ ಹಾಗೇ ಹೊರಗೆ ಹೋಗಿಬಿಡುತ್ತೆ. ಬೇಯಿಸಿದಾಗ ಗೋಡೆ ಮೆತ್ತಗಾಗಿ ಒಡೆದು ಲೈಕೋಪೀನ್ ಬಿಡುಗಡೆ ಆಗುತ್ತೆ, ಜೊತೆಗೆ ಅದರ ಅಣುವಿನ ಆಕಾರನೂ ಸ್ವಲ್ಪ ಬಾಗಿ ಕರುಳಿಗೆ ಹೀರ್ಕೊಳ್ಳೋಕೆ ಸುಲಭ ಆಗೋ ಥರ ಆಗುತ್ತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೊಮೆಟೊನ 88 ಡಿಗ್ರಿಯಲ್ಲಿ ಬಿಸಿ ಮಾಡಿ ನೋಡಿದ್ರು, ಅರ್ಧ ಗಂಟೆ ಆದ್ಮೇಲೆ ವಿಟಮಿನ್ ಸಿ ಸುಮಾರು 29 ಪರ್ಸೆಂಟ್ ಇಳಿದಿತ್ತು, ಆದ್ರೆ ಮೈಗೆ ಸಿಗೋ ರೂಪದ ಲೈಕೋಪೀನ್ ಹಸಿ ಟೊಮೆಟೊಗೆ ಹೋಲಿಸಿದ್ರೆ ಎರಡೂವರೆ ಪಟ್ಟು ಆಗಿತ್ತು. ಇನ್ನೂ ಗಮನಿಸ್ಬೇಕಾದದ್ದು ಏನಂದ್ರೆ ಹದಿನೈದು ನಿಮಿಷಕ್ಕೇ ಆ ಏರಿಕೆ ಬಂದುಬಿಟ್ಟಿತ್ತು, ಆಮೇಲೆ ಹದಿನೈದು ನಿಮಿಷ ಜಾಸ್ತಿ ಬೇಯಿಸಿದ್ದಕ್ಕೆ ಲೈಕೋಪೀನ್ ಹೆಚ್ಚಾಗ್ಲಿಲ್ಲ, ವಿಟಮಿನ್ ಸಿ ಮಾತ್ರ ಇನ್ನಷ್ಟು ಹೋಯ್ತು. ಹಾಗಾಗಿ ಗಂಟೆಗಟ್ಟಲೆ ಕುದಿಸೋ ಅಗತ್ಯ ಇಲ್ಲ.

ಇದನ್ನ ಕಣ್ಣಾರೆ ನೋಡ್ಬಹುದು. ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ, ಸಣ್ಣಗೆ ಹೆಚ್ಚಿದ ನಾಲ್ಕು ಹಣ್ಣು ಹಾಕಿ ಮಧ್ಯಮ ಉರಿಯಲ್ಲಿಡಿ. ಮೊದಲು ನೀರು ಬಿಟ್ಕೊಂಡು ತಳತಳ ಕುದಿಯುತ್ತೆ, ಆಗ ಎಣ್ಣೆ ಬೇರೆ, ನೀರು ಬೇರೆ ಕಾಣುತ್ತೆ, ಎಣ್ಣೆಗೆ ಬಣ್ಣ ಅಷ್ಟಾಗಿ ಇರಲ್ಲ. ನೀರು ಇಂಗ್ತಾ ಬಂದಂಗೆ ಹಣ್ಣು ಕರಗಿ ಮುದ್ದೆ ಆಗುತ್ತೆ, ಸೌಟಲ್ಲಿ ಅದನ್ನ ಒಂದು ಪಕ್ಕಕ್ಕೆ ಸರಿಸಿದ್ರೆ ಅಂಚಲ್ಲಿ ಬಿಟ್ಕೊಂಡಿರೋ ಎಣ್ಣೆ ಕಿತ್ತಳೆ ಕೆಂಪಾಗಿರುತ್ತೆ. ಆ ಬಣ್ಣ ಅಂದ್ರೆ ಎಣ್ಣೆಗೆ ಇಳಿದಿರೋ ಲೈಕೋಪೀನೇ. ಅದು ನೀರಲ್ಲಿ ಕರಗಲ್ಲ, ಎಣ್ಣೆಯಲ್ಲಿ ಮಾತ್ರ ಕರಗೋದು, ಟೊಮೆಟೊ ಅಡುಗೆ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬಿ ಎಷ್ಟು ತೊಳೆದ್ರೂ ಕೆಂಪಾಗೇ ಉಳಿಯೋದಕ್ಕೂ ಕಾರಣ ಅದೇ. ಹೊಟ್ಟೆಯಲ್ಲೂ ಇದೇ ಕಥೆ, ಎಣ್ಣೆಯ ಜೊತೆ ಸೇರ್ಕೊಂಡೇ ಅದು ರಕ್ತಕ್ಕೆ ಹೋಗ್ಬೇಕು. ಎಣ್ಣೆ ಸುರೀಬೇಕು ಅಂತಲ್ಲ, ಒಬ್ಬರಿಗೆ ಒಂದು ಚಿಕ್ಕ ಚಮಚ ಇದ್ರೆ ಸಾಕು, ಯಾವ ಎಣ್ಣೆ ಆದ್ರೂ ನಡೆಯುತ್ತೆ.

ಪಾತ್ರೆ ವಿಷ್ಯ ಒಂದು ಮಾತು. ಟೊಮೆಟೊ ಹುಳಿ, ಹಾಗಾಗಿ ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ ಪಾತ್ರೆ ಬೇಡವೇ ಬೇಡ, ಅಲ್ಯೂಮಿನಿಯಂ ಕೂಡ ಬಿಡೋದು ಒಳ್ಳೇದು. ಸ್ಟೀಲ್ ಸರಿ. ಕಬ್ಬಿಣದ ಬಾಣಲೆಯಲ್ಲಿ ಮಾಡಿದ್ರೆ ಹುಳಿಗೆ ಸ್ವಲ್ಪ ಕಬ್ಬಿಣ ಅಡುಗೆಗೆ ಬಿಡುತ್ತೆ, ರುಚಿ ಬಣ್ಣ ಸ್ವಲ್ಪ ಬದಲಾಗ್ಬಹುದು, ಆದ್ರೆ ಕಬ್ಬಿಣದ ಕೊರತೆ ಇರೋರಿಗೆ ಅದು ಲಾಭಾನೇ, ಮಾಡಿದ ಮೇಲೆ ಅದರಲ್ಲೇ ಬಿಡದೆ ಬೇರೆ ಪಾತ್ರೆಗೆ ಹಾಕಿಬಿಡಿ ಅಷ್ಟೇ.

ಹಂತ 6: ಸಿಪ್ಪೆ, ಬೀಜ ಎಸೀಬೇಡಿ

ಸಿಪ್ಪೆಯಲ್ಲಿ ಲೈಕೋಪೀನ್ ಜಾಸ್ತಿ ಸೇರ್ಕೊಂಡಿರುತ್ತೆ, ಕ್ವೆರ್ಸೆಟಿನ್ ಥರದ ಆಂಟಿಆಕ್ಸಿಡೆಂಟ್ ಅಂಶಗಳಾದ ಫ್ಲೇವನಾಯ್ಡ್‌ಗಳಂತೂ ಹೆಚ್ಚುಕಮ್ಮಿ ಪೂರ್ತಿ ಸಿಪ್ಪೆಯಲ್ಲೇ ಇರೋದು, ನಾರೂ ಅಲ್ಲೇ. ಬಾಯಿಗೆ ಸಿಗೋದು ಇಷ್ಟ ಆಗಲ್ಲ ಅಂದ್ರೆ ಬೇಯಿಸಿ ಮಿಕ್ಸಿಗೆ ಹಾಕಿಬಿಡಿ, ಸೋಸೋಕೆ ಹೋಗ್ಬೇಡಿ. ಬೀಜದ ಸುತ್ತ ಇರೋ ಲೋಳೆಯಲ್ಲಿ ಗ್ಲುಟಮೇಟ್ ತಿರುಳಿಗಿಂತ ಜಾಸ್ತಿ ಇರುತ್ತೆ, ಬಾಯಲ್ಲಿ ರುಚಿ ತುಂಬೋದು ಅದೇ, ಅದನ್ನ ತೆಗೆದು ಎಸೆದ್ರೆ ಸಪ್ಪೆ ಆಗಿ ಆಮೇಲೆ ಉಪ್ಪು ಜಾಸ್ತಿ ಹಾಕ್ತೀವಿ.

ಬೀಜದಿಂದ ಕಿಡ್ನಿ ಸ್ಟೋನ್ ಆಗುತ್ತೆ ಅನ್ನೋ ಮಾತು ತುಂಬಾ ಓಡಾಡುತ್ತೆ. ತುಂಬಾ ಜನಕ್ಕೆ ಬರೋ ಸ್ಟೋನ್ ಕ್ಯಾಲ್ಶಿಯಂ ಆಕ್ಸಲೇಟ್‌ದು, ಟೊಮೆಟೊದಲ್ಲಿ ಆಕ್ಸಲೇಟ್ ಇರೋದು ಕಮ್ಮಿ, ಪಾಲಕ್ ಸೊಪ್ಪಿನ ಪಕ್ಕ ಇಟ್ರೆ ಲೆಕ್ಕಕ್ಕೇ ಬರಲ್ಲ. ನಿಮ್ಮ ಡಾಕ್ಟರ್ ನಿಮಗೆ ಅಂತ ಬೇಡ ಅಂದಿದ್ರೆ ಅವರ ಮಾತು ಕೇಳಿ, ಇಲ್ಲಾಂದ್ರೆ ಭಯಪಟ್ಟು ಬಿಡೋ ಕಾರಣ ಇಲ್ಲ.

ಹಂತ 7: ಪ್ಯಾಕೆಟ್ ಬಾಟಲ್‌ಗಳ ಲೇಬಲ್ ಓದಿ

ಟೊಮೆಟೊ ಪೇಸ್ಟ್ ಅಂದ್ರೆ ನೀರು ಇಂಗಿಸಿದ ಟೊಮೆಟೊ, 100 ಗ್ರಾಂನಲ್ಲಿ ಹಸಿ ಹಣ್ಣಿನ ಸುಮಾರು ಹತ್ತು ಪಟ್ಟು ಲೈಕೋಪೀನ್ ಇರುತ್ತೆ, ಉಪ್ಪು ಸೇರಿಸದೇ ಇರೋದು ಸಿಕ್ಕಿದ್ರೆ ಅದು ಒಳ್ಳೇ ಪದಾರ್ಥ. ಡಬ್ಬಿಯಲ್ಲಿ ಬರೋ ಟೊಮೆಟೊನೂ ಕೆಟ್ಟದ್ದಲ್ಲ, ಉಬ್ಬಿರೋ ಡಬ್ಬಿ, ಜೋರಾಗಿ ನುಗ್ಗಾಗಿರೋ ಡಬ್ಬಿ ಮಾತ್ರ ಬೇಡ. ಕೆಚಪ್ ಲೆಕ್ಕ ಬೇರೆ. ಅದರಲ್ಲೂ ಲೈಕೋಪೀನ್ ಇದೆ ನಿಜ, ಆದ್ರೆ ಒಂದು ದೊಡ್ಡ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ, 150 ಮಿಲಿಗ್ರಾಂ ಸೋಡಿಯಂ. ಮಕ್ಕಳು ಒಂದು ಚಮಚಕ್ಕೆ ನಿಲ್ಲಿಸಲ್ಲ. ಕೆಚಪ್‌ನ ರುಚಿಗೆ ಅಂತ ಇಟ್ಕೊಳ್ಳಿ, ಟೊಮೆಟೊ ತಿಂದ ಲೆಕ್ಕಕ್ಕೆ ಹಿಡೀಬೇಡಿ.

ಉಪ್ಪಿನ ಬಗ್ಗೆ ಯಾಕಿಷ್ಟು ಹೇಳ್ತಿದೀನಿ ಅಂದ್ರೆ ಟೊಮೆಟೊದ ಇನ್ನೊಂದು ದೊಡ್ಡ ಲಾಭ ಬಿಪಿಗೆ ಸಂಬಂಧಿಸಿದ್ದು. ಪೊಟ್ಯಾಶಿಯಂ ಮೈಯಿಂದ ಸೋಡಿಯಂನ ಮೂತ್ರದಲ್ಲಿ ಹೊರಗೆ ಕಳಿಸೋಕೆ ಸಹಾಯ ಮಾಡುತ್ತೆ, ರಕ್ತನಾಳಗಳನ್ನ ಸಡಿಲ ಮಾಡುತ್ತೆ. ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಪೊಟ್ಯಾಶಿಯಂ ಇರಲಿ, ಉಪ್ಪು 5 ಗ್ರಾಂ ಒಳಗಿರಲಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಟೊಮೆಟೊ ಮೇಲೆ ಉಪ್ಪು ಉದುರಿಸಿ ತಿಂದ್ರೆ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಂಡಂಗೆ. ಕಾಳುಮೆಣಸಿನ ಪುಡಿ, ನಿಂಬೆರಸ ಹಾಕಿ ನೋಡಿ, ನಾಲ್ಕು ದಿನದಲ್ಲಿ ನಾಲಿಗೆ ಒಗ್ಗುತ್ತೆ.

ಹಂತ 8: ಎಷ್ಟು ತಿನ್ಬೇಕು, ಏನನ್ನ ನಿರೀಕ್ಷೆ ಮಾಡ್ಬೇಕು

ದಿನಕ್ಕೆ ಒಂದೆರಡು ಹಣ್ಣು ಸಾಕು. ಹಣ್ಣು ತರಕಾರಿ ಎಲ್ಲ ಸೇರಿ ದಿನಕ್ಕೆ 400 ಗ್ರಾಂ ತಿನ್ನಿ ಅನ್ನೋದು ಒಟ್ಟು ಗುರಿ, ಅದರಲ್ಲಿ ಟೊಮೆಟೊ ಒಂದು ಪಾಲು ಅಷ್ಟೇ, ಅದೊಂದನ್ನೇ 400 ಗ್ರಾಂ ತಿಂದ್ರೆ ಬೇರೆಯವು ತಪ್ಪಿಹೋಗುತ್ತೆ.

ಹೃದಯ, ಮೆದುಳಿನ ವಿಷ್ಯದಲ್ಲಿ ಒಳ್ಳೇ ಸೂಚನೆಗಳಿವೆ. ಫಿನ್ಲೆಂಡ್‌ನಲ್ಲಿ 1031 ಗಂಡಸರನ್ನ ಸುಮಾರು 12 ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದಲ್ಲಿ ಲೈಕೋಪೀನ್ ಅತಿ ಹೆಚ್ಚಿದ್ದವರಿಗೆ ಅತಿ ಕಮ್ಮಿ ಇದ್ದವರಿಗಿಂತ ಸ್ಟ್ರೋಕ್ ಆಗೋ ಸಾಧ್ಯತೆ 55 ಪರ್ಸೆಂಟ್ ಕಮ್ಮಿ ಕಂಡಿತ್ತು. 1995ರಲ್ಲಿ ಅಮೆರಿಕದ ಸುಮಾರು 47 ಸಾವಿರ ಗಂಡಸರ ಮೇಲಿನ ಅಧ್ಯಯನದಲ್ಲಿ ಟೊಮೆಟೊ ಪದಾರ್ಥಗಳನ್ನ ವಾರಕ್ಕೆ ಹತ್ತು ಸಲಕ್ಕಿಂತ ಜಾಸ್ತಿ ತಿಂತಿದ್ದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಮ್ಮಿ ಇತ್ತು. ಇದನ್ನ ಓದಿ ಟೊಮೆಟೊ ಕ್ಯಾನ್ಸರ್ ತಡೆಯುತ್ತೆ ಅಂತ ಹೇಳಿಬಿಡೋದು ಸರಿಯಲ್ಲ, ಯಾಕಂದ್ರೆ ಟೊಮೆಟೊ ಜಾಸ್ತಿ ತಿನ್ನೋರು ಬೇರೆ ತರಕಾರಿನೂ ಜಾಸ್ತಿ ತಿಂತಿರಬಹುದು, ವ್ಯಾಯಾಮ ಮಾಡ್ತಿರಬಹುದು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಕೂಡ 2005ರಲ್ಲಿ ಎಲ್ಲ ಪುರಾವೆ ನೋಡಿ, ಇದು ಬಹಳ ಸೀಮಿತ, ಆರಂಭಿಕ ಹಂತದ್ದು ಅಂತಾನೇ ಹೇಳ್ತು.

ಚರ್ಮದ ವಿಷ್ಯದಲ್ಲಿ ಒಂದು ಚಿಕ್ಕ ಪ್ರಯೋಗ ನೇರವಾಗೇ ಮಾಡಿದ್ದು. ದಿನಾ 40 ಗ್ರಾಂ ಟೊಮೆಟೊ ಪೇಸ್ಟ್‌ನ 10 ಗ್ರಾಂ ಆಲಿವ್ ಎಣ್ಣೆ ಜೊತೆ ಹತ್ತು ವಾರ ತಿಂದವರಿಗೆ, ಪೇಸ್ಟ್ ಇಲ್ದೆ ಬರೀ ಎಣ್ಣೆ ತಗೊಂಡವರಿಗಿಂತ, ಅತಿನೇರಳೆ ಕಿರಣ ಬಿದ್ದಾಗ ಚರ್ಮ ಕೆಂಪಾಗೋದು 40 ಪರ್ಸೆಂಟ್ ಕಮ್ಮಿ ಆಗಿತ್ತು. ಹತ್ತು ವಾರ ಅನ್ನೋದನ್ನ ಗಮನಿಸಿ, ಇವತ್ತು ತಿಂದು ನಾಳೆ ಹೊಳಪು ಬರಲ್ಲ. ಸನ್‌ಸ್ಕ್ರೀನ್ ಬದಲಿಗೆ ಇದು ಆಗಲ್ಲ.

ಹಾಗಾದ್ರೆ ಲೈಕೋಪೀನ್ ಮಾತ್ರೆ ತಗೊಂಡುಬಿಟ್ರೆ ಸಾಕಲ್ವಾ ಅಂತ ಕೇಳೋರಿದ್ದಾರೆ. ನನ್ನ ಅಭಿಪ್ರಾಯ ಬೇಡ ಅಂತಾನೇ. ಬೀಟಾ ಕ್ಯಾರೋಟಿನ್ ವಿಷ್ಯದಲ್ಲಿ ಜನ ಹೀಗೇ ಯೋಚನೆ ಮಾಡಿದ್ರು, 1994ರಲ್ಲಿ ಫಿನ್ಲೆಂಡ್‌ನಲ್ಲಿ ಸಿಗರೇಟ್ ಸೇದೋರಿಗೆ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗೋ ಬದಲು ಜಾಸ್ತಿ ಆಯ್ತು. ಹಣ್ಣಲ್ಲಿ ಹತ್ತಾರು ಅಂಶ ಒಟ್ಟಿಗೆ ಬರುತ್ತೆ, ಒಂದನ್ನ ಕಿತ್ತು ಮಾತ್ರೆ ಮಾಡಿದ್ರೆ ಅದೇ ಫಲ ಕೊಡುತ್ತೆ ಅಂತ ನಂಬೋಕಾಗಲ್ಲ.

ಹಂತ 9: ನೀವು ಹುಷಾರಾಗಿರ್ಬೇಕಾದವರಾ ಅಂತ ನೋಡ್ಕೊಳ್ಳಿ

ಕಿಡ್ನಿ ಕಾಯಿಲೆ ಇದ್ದು ಪೊಟ್ಯಾಶಿಯಂ ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿದ್ರೆ ಮೇಲೆ ಹೇಳಿದ ಪೊಟ್ಯಾಶಿಯಂ ಲಾಭ ನಿಮಗೆ ಅನ್ವಯಿಸಲ್ಲ, ಉಲ್ಟಾ ಅಪಾಯ. ಅದರಲ್ಲೂ ಪೇಸ್ಟ್, ಪ್ಯೂರಿ, ಜ್ಯೂಸ್‌ನಲ್ಲಿ ತುಂಬಾ ಹಣ್ಣು ಸ್ವಲ್ಪ ಜಾಗದಲ್ಲಿ ಸೇರಿರುತ್ತೆ, 100 ಗ್ರಾಂ ಪೇಸ್ಟ್‌ನಲ್ಲಿ ಸುಮಾರು 1000 ಮಿಲಿಗ್ರಾಂ ಪೊಟ್ಯಾಶಿಯಂ ಇರುತ್ತೆ. ಬಿಪಿಗೆ ಅಂತ ಕೊಡೋ ಕೆಲವು ಮಾತ್ರೆಗಳೂ ಮೈಯಲ್ಲಿ ಪೊಟ್ಯಾಶಿಯಂ ಉಳಿಸ್ತವೆ, ಹಾಗಾಗಿ ನಿಮ್ಮ ಮಾತ್ರೆ ಆ ಥರದ್ದಾ ಅಂತ ಒಂದು ಸಲ ಕೇಳಿ ತಿಳ್ಕೊಳ್ಳಿ. ಎದೆಯುರಿ, ಹುಳಿತೇಗು ಇರೋರಲ್ಲಿ ಕೆಲವರಿಗೆ ಟೊಮೆಟೊ ಅದನ್ನ ಕೆರಳಿಸುತ್ತೆ, ಖಾಲಿ ಹೊಟ್ಟೆಗೆ ಹಸಿ ತಿನ್ಬೇಡಿ, ರಾತ್ರಿ ಮಲಗೋ ಮುಂಚೆ ಟೊಮೆಟೊ ಸೂಪ್ ಬೇಡ. ತಿಂದಾಗ ತುಟಿ, ಗಂಟಲು ತುರಿಸೋರಿಗೆ ಅಲರ್ಜಿ ಇರಬಹುದು, ಪರಾಗದ ಅಲರ್ಜಿ ಅಥವಾ ಲೇಟೆಕ್ಸ್ (ಕೈಗವಸು, ಬಲೂನಿನ ರಬ್ಬರ್) ಅಲರ್ಜಿ ಇರೋರಲ್ಲಿ ಇದು ಕಾಣಿಸ್ಕೊಳ್ಳುತ್ತೆ, ಬೇಯಿಸಿದ್ದು ಕೆಲವರಿಗೆ ಒಗ್ಗುತ್ತೆ, ಆದ್ರೆ ಮುಖ ಊದಿಕೊಂಡ್ರೆ ಉಸಿರಾಟಕ್ಕೆ ತೊಂದ್ರೆ ಆದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಟೊಮೆಟೊ ತಿಂದ್ರೆ ಕೀಲುನೋವು ಬರುತ್ತೆ ಅಂತ ಕೆಲವರು ಹೇಳ್ತಾರೆ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ನಿಮಗೆ ಪ್ರತಿ ಸಲ ತಿಂದಾಗಲೂ ನೋವು ಜಾಸ್ತಿ ಆಗುತ್ತೆ ಅನ್ಸಿದ್ರೆ ಎರಡು ಮೂರು ವಾರ ಬಿಟ್ಟು ಮತ್ತೆ ಶುರು ಮಾಡಿ ವ್ಯತ್ಯಾಸ ನೋಡಿ, ಅಕ್ಕಪಕ್ಕದವರ ಮಾತಿಗಿಂತ ನಿಮ್ಮ ಮೈ ಹೇಳೋದನ್ನ ನಂಬಿ.

ಚಿಕ್ಕ ಮಕ್ಕಳಿಗೆ ಆರು ತಿಂಗಳು ತುಂಬಿದ ಮೇಲೆ ಬೇಯಿಸಿ ನುಣ್ಣಗೆ ಮಾಡಿ ಸ್ವಲ್ಪ ಸ್ವಲ್ಪ ಕೊಡ್ಬಹುದು, ಬಾಯಿ ಸುತ್ತ ಹುಳಿಗೆ ಕೆಂಪಾದ್ರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಚೆರ್ರಿ ಟೊಮೆಟೊನ ಮಾತ್ರ ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯಾಗಿ ಕೊಡ್ಲೇಬೇಡಿ, ಗುಂಡಗೆ ಜಾರಿ ಗಂಟಲಿಗೆ ಸರಿಯಾಗಿ ಸಿಕ್ಕಿಹಾಕ್ಕೊಳ್ಳೋ ಗಾತ್ರ ಅದು, ಉದ್ದಕ್ಕೆ ನಾಲ್ಕು ಸೀಳು ಮಾಡಿ, ಮಗುನ ಕೂರಿಸ್ಕೊಂಡು ತಿನ್ನಿಸಿ.